ವಾರಕ್ಕೊಂದು ಸಾವು: ಜ್ಯಾಕ್ ಈಲಮ್ ಬದುಕಿದ ಬಗೆ

ಪ್ರಶ್ನೆ: ನಮ್ಮ ತಂದೆಗೆ ಹಳೇ ಕೌಬಾಯ್ ಚಿತ್ರಗಳು ಅಂದ್ರೆ ಪ್ರಾಣ. ರಿಟೈರ್ ಆದ ಮೇಲೆ ಯೂಟ್ಯೂಬಿನಲ್ಲಿ ‘ಗನ್‌ಸ್ಮೋಕ್’ ಅನ್ನುವ ಹಳೇ ಟಿವಿ ಸರಣಿ ಹಾಕಿಕೊಂಡು ಕೂರುತ್ತಾರೆ. ಪಕ್ಕದಲ್ಲಿ ಕೂತು ಕೂತು ನನಗೂ ಹುಚ್ಚು ಹಿಡಿದಿದೆ. ಒಬ್ಬ ನಟ ಮಾತ್ರ ಎಲ್ಲಿ ನೋಡಿದರೂ ಇರುತ್ತಾನೆ. ಒಂದು ಕಣ್ಣು ಓರೆ, ಕುರುಚಲು ಗಡ್ಡ, ಹುಚ್ಚು ನಗು. ಅದೇ ಊರಿಗೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತಾನೆ, ಊರಿನವರಿಗೆ ಗುರುತೇ ಸಿಗುವುದಿಲ್ಲ! ಯಾರು ಈತ? ಹೀರೋ ಆಗದೆ ಬರೀ ಇಂಥ ಪಾತ್ರ ಮಾಡಿಕೊಂಡು ಜೀವನ ಸಾಗುತ್ತಿತ್ತಾ?

ಉತ್ತರ: ಓರೆಗಣ್ಣು ಅಂದ ಕೂಡಲೇ ಗೊತ್ತಾಯಿತು. ಅವನು ಜ್ಯಾಕ್ ಈಲಮ್. ‘ಗನ್‌ಸ್ಮೋಕ್’ ಒಂದರಲ್ಲೇ 15 ಕಂತುಗಳಲ್ಲಿ ಬಂದು ಹೋಗಿದ್ದಾನೆ. ಹೆಚ್ಚುಕಡಿಮೆ ಪ್ರತಿ ಸಲ ಹೊಸ ಹೆಸರು. ಇದೇನೂ ದಾಖಲೆ ಅಲ್ಲ ಬಿಡಿ, ಮಾರ್ಗನ್ ವುಡ್ವರ್ಡ್ ಅನ್ನುವ ಇನ್ನೊಬ್ಬ ನಟ ಅದೇ ಸರಣಿಗೆ 19 ಸಲ ಬಂದಿದ್ದ.

ಜೀವನ ಸಾಗುತ್ತಿತ್ತಾ ಅಂತ ಕೇಳಿದ್ದೀರಿ. ಚೆನ್ನಾಗಿಯೇ ಸಾಗಿತು. ಎಷ್ಟೋ ಹೀರೋಗಳು ಮನೆಗೆ ಹೋದ ಮೇಲೂ ಸಾಗಿತು. ಯಾಕೆ ಅಂತ ಹೇಳಬೇಕಾದರೆ ಈಲಮ್ ನಟನಾಗುವ ಮೊದಲು ಏನು ಮಾಡುತ್ತಿದ್ದ ಅನ್ನುವುದರಿಂದ ಶುರು ಮಾಡಬೇಕು. ಅವನು ಲೆಕ್ಕ ಬರೆಯುತ್ತಿದ್ದ.

ಹುಟ್ಟಿದ್ದು 1920ರ ನವೆಂಬರ್ 13ರಂದು, ಅರಿಝೋನಾ ರಾಜ್ಯದ ಮಯಾಮಿಯಲ್ಲಿ. ಸಮುದ್ರ ತೀರದ ಆ ದೊಡ್ಡ ಮಯಾಮಿ ಬೇರೆ. ಇದು ತಾಮ್ರದ ಗಣಿಯ ಸಣ್ಣ ಊರು. ಚಿಕ್ಕ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಹುಡುಗ ಹತ್ತಿ ಬಿಡಿಸುವ ಕೂಲಿಗೂ ಹೋಗಿದ್ದ. ಒಂದು ದಿನ ಬಾಯ್ ಸ್ಕೌಟ್ಸ್ ಸಭೆಯಲ್ಲಿ ಹುಡುಗರ ಹುಡುಗಾಟ ಅತಿಯಾಗಿ ಪೆನ್ಸಿಲ್ ಎಡಗಣ್ಣಿಗೆ ಚುಚ್ಚಿತು. ಆ ಕಣ್ಣಿನ ದೃಷ್ಟಿ ಹೋಯಿತು. ಗುಡ್ಡೆ ಅಲ್ಲೇ ಉಳಿಯಿತು, ಆದರೆ ಅವನ ಮಾತು ಕೇಳುವುದನ್ನು ಬಿಟ್ಟಿತು. ಬಲಗಣ್ಣು ನಿಮ್ಮನ್ನು ನೋಡುತ್ತಿದ್ದರೆ ಎಡಗಣ್ಣು ಇನ್ನೆಲ್ಲೋ ತಿರುಗಾಡುತ್ತಿರುತ್ತಿತ್ತು.

ದೊಡ್ಡವನಾದ ಮೇಲೆ ಬ್ಯಾಂಕಿನಲ್ಲಿ ಲೆಕ್ಕ ಬರೆದ, ಆಡಿಟರ್ ಆದ, ಲಾಸ್ ಏಂಜಲೀಸಿನ ಬೆಲ್ ಏರ್ ಹೋಟೆಲ್‌ನಲ್ಲಿ ಮ್ಯಾನೇಜರ್ ಆಗಿದ್ದ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಿದ. ವಾಪಸ್ ಬಂದ ಮೇಲೆ ಹಾಲಿವುಡ್ ನಿರ್ಮಾಪಕರ ಲೆಕ್ಕಪತ್ರ ನೋಡತೊಡಗಿದ. ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಅಂಥವರ ಪುಸ್ತಕಗಳೂ ಅವನ ಮೇಜಿಗೆ ಬಂದಿದ್ದವು. ಅಂದರೆ ಸಿನಿಮಾದೊಳಗೆ ಅವನು ಬಂದದ್ದು ಕ್ಯಾಶ್ ಬುಕ್ಕಿನ ಬಾಗಿಲಿನಿಂದ. ಯಾವ ಹೀರೋಗೆ ಎಷ್ಟು ಸಂಬಳ, ಯಾವ ಚಿತ್ರ ಎಲ್ಲಿ ಮುಗ್ಗರಿಸಿತು, ಎಲ್ಲಾ ಅಂಕಿಗಳೂ ಅವನಿಗೆ ಗೊತ್ತು.

ಆದರೆ ದಿನಗಟ್ಟಲೆ ಸಣ್ಣ ಅಂಕಿಗಳನ್ನು ನೋಡಿ ನೋಡಿ ಒಳ್ಳೆಯ ಕಣ್ಣೂ ದಣಿಯಿತು. ಹೀಗೇ ಮುಂದುವರಿದರೆ ಇರುವ ಒಂದು ಕಣ್ಣೂ ಹೋಗುತ್ತದೆ ಅಂತ ವೈದ್ಯರು ಎಚ್ಚರಿಸಿದರು. ಮುಂದಿನದು ಈಲಮ್ ಜೀವನವಿಡೀ ಹೇಳಿಕೊಂಡು ಬಂದ ಕಥೆ. ಪರಿಚಯದ ಒಬ್ಬ ನಿರ್ದೇಶಕ ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರ ಮಾಡಲು ದುಡ್ಡಿಗಾಗಿ ಪರದಾಡುತ್ತಿದ್ದನಂತೆ. ‘ದುಡ್ಡು ನಾನು ಹೊಂದಿಸಿಕೊಡುತ್ತೇನೆ, ನನಗೆ ಕೇಡಿಯ ಪಾತ್ರ ಕೊಡು’ ಅಂತ ಇವನು ಕೇಳಿದನಂತೆ. ಸ್ವಲ್ಪ ಬಣ್ಣ ಬಿದ್ದಿರಬಹುದು, ಕಥೆ ಹೇಳುವುದರಲ್ಲಿ ಅವನು ಭಾರಿ ಹುಷಾರು. ಅದೇನೇ ಇರಲಿ, 1950ರಲ್ಲಿ ‘ದಿ ಸನ್‌ಡೌನರ್ಸ್’ ಮತ್ತು ‘ಹೈ ಲೋನ್‌ಸಮ್’ ಎರಡರಲ್ಲೂ ಅವನ ಮುಖ ಇದೆ.

ಈ ಮುಖ ಕೆಲಸಕ್ಕೆ ಬರುತ್ತದೆ ಅಂತ ಹಾಲಿವುಡ್‌ಗೆ ಗೊತ್ತಾಗಿದ್ದು 1951ರ ‘ರಾಹೈಡ್’ ಚಿತ್ರದಲ್ಲಿ. (ಕ್ಲಿಂಟ್ ಈಸ್ಟ್‌ವುಡ್ ಇದ್ದ ಟಿವಿ ಸರಣಿಯ ಹೆಸರೂ ಇದೇ. ಅದು ಬೇರೆ, 1959ರದ್ದು. ಯೂಟ್ಯೂಬಿನಲ್ಲಿ ಹುಡುಕುವಾಗ ಜೋಪಾನ.) ಅದರಲ್ಲಿ ಟೆವಿಸ್ ಅನ್ನುವ ದರೋಡೆಕೋರನ ಪಾತ್ರ. ಕೊನೆಯಲ್ಲಿ ಹೀರೋನನ್ನು ಹೊರಗೆ ಬರಿಸಲು ಈತ ಒಂದು ಪುಟ್ಟ ಮಗುವಿನ ಕಾಲ ಸುತ್ತ ಗುಂಡು ಹಾರಿಸುತ್ತಾನೆ. ಮಗುವಿಗೆ ಏನೂ ತಿಳಿಯದು, ನೆಲದಿಂದ ಮಣ್ಣು ಚಿಮ್ಮುತ್ತದೆ. ಇವತ್ತು ನೋಡಿದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮರುವರ್ಷ ‘ಹೈ ನೂನ್’. ಇದನ್ನು ನಿಮ್ಮ ತಂದೆ ಖಂಡಿತ ನೋಡಿರುತ್ತಾರೆ. ಅವರನ್ನು ಕೇಳಿ ನೋಡಿ, ಅದರಲ್ಲಿ ಈಲಮ್ ಎಲ್ಲಿದ್ದಾನೆ ಅಂತ. ಜಾಸ್ತಿ ಜನಕ್ಕೆ ನೆನಪಿರುವುದಿಲ್ಲ. ಅವನ ಹೆಸರು ಚಿತ್ರದ ಪಟ್ಟಿಯಲ್ಲೇ ಇಲ್ಲ. ಮಧ್ಯಾಹ್ನದ ರೈಲಿಗೆ ತನ್ನನ್ನು ಕೊಲ್ಲಲು ಕೇಡಿ ಬರುತ್ತಿದ್ದಾನೆ, ಊರಿನವರೆಲ್ಲ ಕೈಬಿಟ್ಟ ಮೇಲೆ ಮಾರ್ಷಲ್ (ಊರಿನ ಪೊಲೀಸ್ ಅಧಿಕಾರಿ) ಗ್ಯಾರಿ ಕೂಪರ್ ಒಬ್ಬನೇ ಕಚೇರಿಯಲ್ಲಿ ಕೂತು ಉಯಿಲು ಬರೆಯುತ್ತಾನೆ. ಒಳಗಿನ ಸೆಲ್‌ನಲ್ಲಿ ಒಬ್ಬ ಕುಡುಕ ಮಲಗಿದ್ದಾನೆ, ಹೆಸರು ಚಾರ್ಲಿ. ಕೂಪರ್ ಬೀಗ ತೆಗೆದು ಮನೆಗೆ ಹೋಗು ಅನ್ನುತ್ತಾನೆ. ಚಾರ್ಲಿಗೆ ಹೊರಗೆ ನಡೆಯುತ್ತಿರುವುದರ ಗಂಧಗಾಳಿಯೂ ಇಲ್ಲ. ಸಲೂನು, ಅಂದರೆ ಹೆಂಡದಂಗಡಿ, ತೆರೆದಿರುತ್ತದಾ ಅಂತ ಮೆತ್ತಗೆ ವಿಚಾರಿಸುತ್ತಾನೆ. ಅಷ್ಟೇ ಪಾತ್ರ. ಆದರೆ ಸಾವು ಗಡಿಯಾರದಲ್ಲಿ ಟಿಕ್ ಟಿಕ್ ಅನ್ನುತ್ತಿರುವಾಗ ಒಬ್ಬನಿಗೆ ಹೆಂಡದ ಅಂಗಡಿಯ ಚಿಂತೆ! ಕೂಪರ್ ಎಷ್ಟು ಒಂಟಿ ಅಂತ ತೋರಿಸಲು ಅದಕ್ಕಿಂತ ಜಾಸ್ತಿ ಏನೂ ಬೇಕಾಗಲಿಲ್ಲ. ಕನ್ನಡದಲ್ಲಿ ಇಂಥವರನ್ನು ಪೋಷಕ ನಟ ಅನ್ನುತ್ತೇವಲ್ಲ, ಆ ಪದ ಈ ದೃಶ್ಯಕ್ಕೆ ಸರಿಯಾಗಿ ಹೊಂದುತ್ತದೆ.

ಅದೇ ಚಿತ್ರದಲ್ಲಿ ಒಂದೂ ಮಾತಾಡದ ಒಬ್ಬ ಕೇಡಿ ಇದ್ದಾನೆ. ಲೀ ವ್ಯಾನ್ ಕ್ಲೀಫ್. ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ಟಿವಿಗೆ ಬರೋಣ. ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲೇ.

1955ರಲ್ಲಿ ‘ಗನ್‌ಸ್ಮೋಕ್’ ಶುರುವಾಯಿತು. ಅದು 20 ವರ್ಷ ಓಡಿತು, ಒಟ್ಟು 635 ಕಂತು. ಅದರ ಹಿಂದೆಯೇ ‘ಷೈಯೆನ್’, ‘ಮ್ಯಾವ್‌ರಿಕ್’, ‘ವ್ಯಾಗನ್ ಟ್ರೇನ್’, ‘ದಿ ರೈಫಲ್‌ಮನ್’, ‘ಬೊನಾನ್ಜಾ’ ಹೀಗೆ ಸಾಲುಗಟ್ಟಿ ಬಂದವು. 1958–59ರ ಸೀಸನ್‌ನಲ್ಲಿ ಅಮೆರಿಕದ ಜನ ಅತಿ ಹೆಚ್ಚು ನೋಡಿದ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್. ಏಳು! ಆಗ ಒಂದು ಸೀಸನ್ ಅಂದರೆ ಸಾಮಾನ್ಯವಾಗಿ 39 ಕಂತು. ಈಗಿನ ವೆಬ್ ಸೀರೀಸ್‌ನ ಎಂಟು ಕಂತಿಗೆ ಹೋಲಿಸಿದರೆ ತಲೆ ತಿರುಗುತ್ತದೆ.

ಈಗ ಲೆಕ್ಕ ಹಾಕಿ. ಮಾರ್ಷಲ್ ಒಬ್ಬನೇ, ಅವನು ಪ್ರತಿ ವಾರ ಇರುತ್ತಾನೆ. ಅವನ ಎದುರಿಗೆ ಪ್ರತಿ ವಾರ ಹೊಸ ಕಳ್ಳ ಬೇಕು. ಜೊತೆಗೆ ಹೊಸ ಬ್ಯಾಂಕಿನವನು, ಹೊಸ ಜೂಜುಕೋರ, ಸುಳ್ಳು ಸಾಕ್ಷಿ ಹೇಳುವವನು, ಹೆದರಿ ಓಡುವವನು. ಒಂದು ಸರಣಿಗೆ ವರ್ಷಕ್ಕೆ 39 ಕೇಡಿಗಳು. ಇಂಥವು ಡಜನ್‌ಗಟ್ಟಲೆ ಸರಣಿಗಳು. ಅರ್ಧ ಗಂಟೆಯ ಕಂತನ್ನು ಮೂರು ನಾಲ್ಕು ದಿನದಲ್ಲಿ ಮುಗಿಸಿ ಬಿಸಾಕುತ್ತಿದ್ದರು. ನಟನಿಗೆ ಪಾತ್ರ ಕಲಿಸುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಕುದುರೆ ಹತ್ತಲು ಬರಬೇಕು, ಮಾತು ಮೊದಲ ಸಲಕ್ಕೇ ಬಾಯಿಗೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲು ತಳ್ಳಿಕೊಂಡು ಒಳಗೆ ಬಂದ ಕೂಡಲೇ ನೋಡುವವರಿಗೆ ‘ಇವನ ಹತ್ತಿರ ಹುಷಾರಾಗಿರಬೇಕು’ ಅಂತ ಗೊತ್ತಾಗಬೇಕು. 25 ನಿಮಿಷದ ಕಥೆಯಲ್ಲಿ ಐದು ನಿಮಿಷ ಇವನು ಕೆಟ್ಟವನು ಅಂತ ವಿವರಿಸಲು ಹೋದರೆ ಉಳಿಯುವುದೇನು? ಈಲಮ್ ಮುಖ ಆ ಐದು ನಿಮಿಷವನ್ನು ಉಳಿಸಿಕೊಡುತ್ತಿತ್ತು. ಅವನ ಸಂಭಾವನೆ ಆ ಉಳಿತಾಯಕ್ಕೆ ಅಂತ ನಾನು ತಮಾಷೆ ಮಾಡುವುದುಂಟು.

ಇನ್ನೊಂದು ವಿಷಯ ಇದೆ. ಹೀರೋ ಅಂದರೆ ಸ್ಟುಡಿಯೋ ಜೊತೆ ವರ್ಷಗಟ್ಟಲೆ ಒಪ್ಪಂದ, ಹೊರಗೆ ಕಾಲಿಡುವಂತಿಲ್ಲ. ‘ಷೈಯೆನ್’ ನಾಯಕ ಕ್ಲಿಂಟ್ ವಾಕರ್ 1958ರಲ್ಲಿ ವಾರ್ನರ್ ಬ್ರದರ್ಸ್ ಜೊತೆ ಜಗಳ ಮಾಡಿ ಸೆಟ್ ಬಿಟ್ಟು ಹೋಗಿದ್ದ. ‘ಮ್ಯಾವ್‌ರಿಕ್’ನ ಜೇಮ್ಸ್ ಗಾರ್ನರ್ 1960ರಲ್ಲಿ ಅದೇ ಕಂಪನಿಯನ್ನು ಕೋರ್ಟಿಗೆ ಎಳೆದು ಗೆದ್ದು ಹೊರಬಂದ. ಆ ಕಾಲದ ವಾರ್ನರ್ ಎಷ್ಟು ಬಿಗಿ ಕೈ ಅಂದರೆ, 1960ರಲ್ಲಿ ಬರಹಗಾರರು ಮುಷ್ಕರ ಹೂಡಿದಾಗ ಹಳೇ ಕಥೆಗಳನ್ನೇ ತಿರುಗಿಸಿ ಬರೆಸಿ, ಲೇಖಕರ ಜಾಗದಲ್ಲಿ ‘ಡಬ್ಲ್ಯೂ. ಹೆರ್ಮಾನೋಸ್’ ಅಂತ ಹಾಕಿದರು. ಹೆರ್ಮಾನೋಸ್ ಅಂದರೆ ಸ್ಪ್ಯಾನಿಷ್‌ನಲ್ಲಿ ಅಣ್ಣತಮ್ಮಂದಿರು. ವಾರ್ನರ್ ಅಣ್ಣತಮ್ಮಂದಿರು! ಯಾರೋ ಒಬ್ಬನಿಗೆ ಆ ಕಷ್ಟದಲ್ಲೂ ಹಾಸ್ಯ ಹೊಳೆದಿತ್ತು ನೋಡಿ.

ಕೇಡಿಗೆ ಈ ಹಗ್ಗ ಇರಲಿಲ್ಲ. ಗುರುವಾರ ಒಂದು ಸರಣಿಯಲ್ಲಿ ಸತ್ತರೆ ಸೋಮವಾರ ಇನ್ನೊಂದು ಸ್ಟುಡಿಯೋದಲ್ಲಿ ಹುಟ್ಟಬಹುದು. ಸಾವೇ ಅವನ ಬಿಡುಗಡೆ ಪತ್ರ. ಸತ್ತ ಪಾತ್ರಕ್ಕೆ ಯಾರೂ ಒಪ್ಪಂದ ಮಾಡಿಸಿಕೊಳ್ಳುವುದಿಲ್ಲವಲ್ಲ. ಸರಣಿ ಬಿದ್ದರೆ ಹೀರೋ ಜೊತೆಗೆ ಬೀಳುತ್ತಾನೆ, ಕೇಡಿ ಪಕ್ಕದ ಊರಿಗೆ ಕುದುರೆ ತಿರುಗಿಸುತ್ತಾನೆ.

ನೀವು ಕೇಳಿದ ‘ಊರಿನವರಿಗೆ ಗುರುತೇ ಸಿಗುವುದಿಲ್ಲ’ ಅನ್ನುವುದಕ್ಕೂ ಉತ್ತರ ಇಲ್ಲಿದೆ. ಆಗ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುವ ಸೌಕರ್ಯ ಇರಲಿಲ್ಲ. ಎರಡು ವರ್ಷದ ಹಿಂದಿನ ಕಂತನ್ನು ಯಾರೂ ಪಕ್ಕದಲ್ಲಿಟ್ಟು ಹೋಲಿಸುತ್ತಿರಲಿಲ್ಲ. ನೀವು ಒಂದೇ ಸಂಜೆ 1959, 1964, 1971ರ ಕಂತುಗಳನ್ನು ಒಟ್ಟಿಗೆ ನೋಡುತ್ತಿದ್ದೀರಿ, ಅದಕ್ಕೇ ನಗು ಬರುತ್ತದೆ. ಅಲ್ಲದೆ ಆಗಿನವರು ಗುರುತು ಸಿಕ್ಕರೂ ಖುಷಿಪಡುತ್ತಿದ್ದರು. ಕಂಪನಿ ನಾಟಕದಲ್ಲಿ ನಿನ್ನೆ ದುರ್ಯೋಧನ ಆದವನು ಇವತ್ತು ಕಂಸ ಆದರೆ ನಮ್ಮಲ್ಲಿ ಯಾರೂ ತಕರಾರು ಮಾಡುತ್ತಿರಲಿಲ್ಲ, ಅಲ್ವಾ?

ಈಲಮ್‌ಗೆ ಕಾಯಂ ಕೆಲಸದ ಆಸೆ ಇರಲಿಲ್ಲ ಅಂತಲ್ಲ. ಹಲವು ಸಲ ಪ್ರಯತ್ನಿಸಿದ. ಪ್ರತಿ ಸಲ ನೆಲ ಕುಸಿಯಿತು. 1963ರ ಜನವರಿಯಲ್ಲಿ ‘ದಿ ಡಕೋಟಾಸ್’ ಬಂತು. ಅದರಲ್ಲಿ ಅವನು ಜೆ.ಡಿ. ಸ್ಮಿತ್, ಒಂದು ಕಾಲದ ಬಂದೂಕುಕೋರ, ಈಗ ಕಾನೂನಿನ ಕಡೆ. ಮೊದಲ ಸಲ ಪ್ರತಿ ವಾರ ಒಳ್ಳೆಯವನ ಪಕ್ಷ. ಮೇ ತಿಂಗಳಿಗೆ ಸರಣಿ ಬಂದ್. ಒಂದು ಕಂತಿನಲ್ಲಿ ಚರ್ಚ್ ಒಳಗೇ ಗುಂಡಿನ ಕಾಳಗ ತೋರಿಸಿದ್ದರು, ನೋಡುಗರು ರೊಚ್ಚಿಗೆದ್ದಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಟೆಂಪಲ್ ಹ್ಯೂಸ್ಟನ್’, ಮಾರ್ಷಲ್ ಟ್ಯಾಗರ್ಟ್ ಪಾತ್ರ. 26 ಕಂತಿಗೆ ಮುಗಿಯಿತು. 1974ರಲ್ಲಿ ‘ದಿ ಟೆಕ್ಸಸ್ ವೀಲರ್ಸ್’ ಅನ್ನುವ ಹಾಸ್ಯ ಸರಣಿಯಲ್ಲಿ ಸೋಮಾರಿ ಅಪ್ಪನ ಪಾತ್ರ. ಮಗನಾಗಿದ್ದವನು ಮಾರ್ಕ್ ಹ್ಯಾಮಿಲ್, ಮೂರು ವರ್ಷದ ನಂತರ ‘ಸ್ಟಾರ್ ವಾರ್ಸ್’ ನಾಯಕ. ಅದು ಬೆರಳೆಣಿಕೆಯ ಕಂತುಗಳಿಗೇ ಸತ್ತಿತು. 1986ರ ‘ಈಸಿ ಸ್ಟ್ರೀಟ್’ ಒಂದೇ ಸೀಸನ್. ಒಂದೂ ನಿಲ್ಲಲಿಲ್ಲ. ಆದರೆ ಪ್ರತಿ ಸಲ ಮರುದಿನವೇ ಅತಿಥಿ ಪಾತ್ರಕ್ಕೆ ಫೋನ್ ಬರುತ್ತಿತ್ತು. ಲೆಕ್ಕಿಗನ ಮಾತಿನಲ್ಲಿ ಹೇಳುವುದಾದರೆ, ಒಂದೇ ಖಾತೆಯಲ್ಲಿ ಎಲ್ಲಾ ದುಡ್ಡು ಇಟ್ಟವನಲ್ಲ ಅವನು.

ದುಡ್ಡಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಆ ಹಳೇ ಒಪ್ಪಂದಗಳಲ್ಲಿ ಮರುಪ್ರಸಾರದ ಹಣ ಕೆಲವೇ ಸಲಕ್ಕೆ ಸಿಗುತ್ತಿತ್ತು, ಆಮೇಲೆ ಎಷ್ಟು ಸಲ ಹಾಕಿದರೂ ನಟನಿಗೆ ಸೊನ್ನೆ. ಟಿವಿ ಮರುಪ್ರಸಾರಕ್ಕೆ ಲೆಕ್ಕವಿಲ್ಲದಷ್ಟು ಸಲವೂ ಪಾಲು ಕೊಡಬೇಕು ಅಂತ ನಟರ ಸಂಘ ಗೆದ್ದದ್ದು 1974ರಲ್ಲಿ. ಅಷ್ಟೊತ್ತಿಗೆ ವೆಸ್ಟರ್ನ್‌ಗಳ ಕಾಲವೇ ಮುಗಿದಿತ್ತು, ‘ಗನ್‌ಸ್ಮೋಕ್’ ಕೂಡ ಮರುವರ್ಷ ನಿಂತಿತು.

ಇನ್ನು ಅವನ ಅತಿ ಹೆಸರಾದ ಹತ್ತು ನಿಮಿಷ. ಅದು ಟಿವಿಯದ್ದಲ್ಲ, ಆದರೆ ಟಿವಿ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಇಟಲಿಯ ಸೆರ್ಜಿಯೋ ಲಿಯೋನೆ ಅಮೆರಿಕದ ಈ ಎರಡನೇ ಸಾಲಿನ ಮುಖಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದವನು. ‘ಹೈ ನೂನ್’ನಲ್ಲಿ ಬಾಯಿ ಬಿಡದ ಲೀ ವ್ಯಾನ್ ಕ್ಲೀಫ್‌ನನ್ನು 1965ರಲ್ಲಿ ಕರೆಸಿ ಸ್ಟಾರ್ ಮಾಡಿದವನು ಇವನೇ. 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ಗೆ ಈಲಮ್‌ನನ್ನು ಸ್ಪೇನ್‌ಗೆ ಕರೆಸಿದ.

ಚಿತ್ರದ ಮೊದಲ ದೃಶ್ಯ. ಬಣಗುಡುವ ಒಂದು ರೈಲ್ವೆ ಸ್ಟೇಷನ್, ಮೂವರು ಬಂದೂಕುಕೋರರು ರೈಲಿಗಾಗಿ ಕಾಯುತ್ತಿದ್ದಾರೆ. ಮಾತಿಲ್ಲ. ವುಡಿ ಸ್ಟ್ರೋಡ್ ಟೋಪಿಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಇನ್ನೊಬ್ಬ ಬೆರಳು ಲಟಿಕೆ ಮುರಿಯುತ್ತಾನೆ. ಈಲಮ್ ಬೆಂಚಿಗೆ ಒರಗಿ ಅರೆನಿದ್ದೆಯಲ್ಲಿದ್ದಾನೆ. ಒಂದು ನೊಣ ಅವನ ಗಡ್ಡದ ಮೇಲೆ ಕೂರುತ್ತದೆ. ನೊಣ ಬರಲಿ ಅಂತ ಮುಖಕ್ಕೆ ಸಿಹಿ ಹಚ್ಚಿದ್ದರಂತೆ. ಕೈ ಎತ್ತಲು ಸೋಮಾರಿತನ. ತುಟಿಯನ್ನು ಒಂದು ಕಡೆ ಮಾಡಿ ಉಫ್ ಅಂತ ಊದುತ್ತಾನೆ. ನೊಣ ಹಾರಿ ಮತ್ತೆ ಕೂರುತ್ತದೆ. ಮತ್ತೆ ಊದುತ್ತಾನೆ. ಒಳ್ಳೆಯ ಕಣ್ಣು ನೊಣದ ಹಿಂದೆ ಹೋದರೆ ಇನ್ನೊಂದು ಕಣ್ಣು ತನ್ನ ಪಾಡಿಗೆ ತಾನು. ಕೊನೆಗೆ ನೊಣ ಪಕ್ಕದ ಮರದ ಹಲಗೆ ಮೇಲೆ ಕೂತಾಗ ಪಿಸ್ತೂಲು ತೆಗೆದು ನಳಿಗೆಯನ್ನು ಟಪ್ ಅಂತ ಅದರ ಮೇಲೆ ಒತ್ತುತ್ತಾನೆ. ನಳಿಗೆಯ ಬಾಯಿಗೆ ಬೆರಳು ಮುಚ್ಚಿ ಅದನ್ನು ಕಿವಿಯ ಹತ್ತಿರ ಹಿಡಿಯುತ್ತಾನೆ. ಒಳಗೆ ಗುಂಯ್‌ಗುಡುವ ಸದ್ದು. ಮುಖದಲ್ಲಿ ಮಗುವಿನಂಥ ನಗು ಅರಳುತ್ತದೆ. ಅಷ್ಟರಲ್ಲಿ ದೂರದಲ್ಲಿ ರೈಲಿನ ಸಿಳ್ಳೆ. ನೊಣಕ್ಕೆ ಬಿಡುಗಡೆ. ಇನ್ನು ಸ್ವಲ್ಪ ಹೊತ್ತಿಗೆ ಮೂವರೂ ಹೆಣ.

ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಅನ್ನಿಸುವುದು ಒಂದೇ. ಹೊಸ ನಟನಾಗಿದ್ದರೆ ನೊಣದ ಜೊತೆ ಇಷ್ಟು ನಿರಾಳವಾಗಿ ಇರಲು ಆಗುತ್ತಿರಲಿಲ್ಲ, ಏನಾದರೂ ‘ಮಾಡಲು’ ಹೋಗುತ್ತಿದ್ದ. ಹದಿನೆಂಟು ವರ್ಷ ಕಟ್ಟೆಯ ಮೇಲೆ, ಸಲೂನಿನ ಮೂಲೆಯಲ್ಲಿ, ಹೀರೋನ ಬೆನ್ನ ಹಿಂದೆ ಕಾದು ಕಾದು ಪಳಗಿದವನಿಗೇ ಆ ಸುಮ್ನೆ ಕೂರುವ ವಿದ್ಯೆ ಬಂದದ್ದು.

ಅಲ್ಲಿಂದ ಒಂದು ತಿರುವು. ಮರುವರ್ಷ, 1969ರಲ್ಲಿ, ‘ಸಪೋರ್ಟ್ ಯುವರ್ ಲೋಕಲ್ ಷೆರಿಫ್’ ಅನ್ನುವ ಹಾಸ್ಯ ಚಿತ್ರ. ನಾಯಕ ಯಾರು ಅಂದುಕೊಂಡಿರಿ? ವಾರ್ನರ್ ಜೊತೆ ಕೋರ್ಟಿನಲ್ಲಿ ಗುದ್ದಾಡಿ ಬಂದ ಅದೇ ಜೇಮ್ಸ್ ಗಾರ್ನರ್. ಈಲಮ್ ಅದರಲ್ಲಿ ಊರಿನ ಕೆಲಸವಿಲ್ಲದ ಮನುಷ್ಯ ಜೇಕ್, ಇಷ್ಟವಿಲ್ಲದೆ ಷೆರಿಫ್‌ನ ಸಹಾಯಕ (ಡೆಪ್ಯುಟಿ) ಆಗುತ್ತಾನೆ. ಇಷ್ಟು ವರ್ಷ ಹೆದರಿಸಿದ ಕಣ್ಣು ಇಲ್ಲಿ ನಗಿಸಿತು. ಒಂದೇ ಕಣ್ಣು ನೋಡಿ, ಬೇರೆ ಏನೂ ಬದಲಾಗಿಲ್ಲ. 1971ರಲ್ಲಿ ಅದೇ ನಿರ್ದೇಶಕ ಬರ್ಟ್ ಕೆನಡಿ, ಅದೇ ಜೋಡಿ ಇಟ್ಟುಕೊಂಡು ‘ಸಪೋರ್ಟ್ ಯುವರ್ ಲೋಕಲ್ ಗನ್‌ಫೈಟರ್’ ಮಾಡಿದ. ಅದರ ಕೊನೆಯಲ್ಲಿ ಈಲಮ್ ನೇರ ನಮ್ಮ ಕಡೆ ತಿರುಗಿ, ತಾನು ಮುಂದೆ ಇಟಲಿಯ ವೆಸ್ಟರ್ನ್‌ಗಳಲ್ಲಿ ದೊಡ್ಡ ಸ್ಟಾರ್ ಆಗುತ್ತೇನೆ ಅನ್ನುತ್ತಾನೆ. ಲಿಯೋನೆಯ ಚಿತ್ರದ ಮೊದಲ ದೃಶ್ಯದಲ್ಲೇ ಸತ್ತವನು ಹೇಳುವ ಮಾತು ಇದು!

ನಟನ ಬದುಕಿನ ಬಗ್ಗೆ ಒಂದು ಹಾಸ್ಯ ಅವನ ಹೆಸರಿಗೆ ಅಂಟಿಕೊಂಡಿದೆ. ಬೇರೆ ನಟರ ಹೆಸರಲ್ಲೂ ಓಡಾಡುತ್ತದೆ, ಆದರೆ ಇವನಿಗೇ ಚೆನ್ನಾಗಿ ಒಪ್ಪುತ್ತದೆ. ನಿರ್ಮಾಪಕ ಮೊದಲು ಕೇಳುತ್ತಾನಂತೆ, ಯಾರಯ್ಯಾ ಈ ಜ್ಯಾಕ್ ಈಲಮ್ ಅಂತ. ಆಮೇಲೆ, ಜ್ಯಾಕ್ ಈಲಮ್‌ನನ್ನೇ ಕರೆಸಿ ಅಂತ. ಆಮೇಲೆ, ಜ್ಯಾಕ್ ಈಲಮ್ ಥರದವನು ಒಬ್ಬ ಬೇಕು ಅಂತ. ಆಮೇಲೆ, ಸ್ವಲ್ಪ ಚಿಕ್ಕ ವಯಸ್ಸಿನ ಜ್ಯಾಕ್ ಈಲಮ್ ಸಿಗುತ್ತಾನಾ ಅಂತ. ಕೊನೆಗೆ ಮತ್ತೆ, ಯಾರಯ್ಯಾ ಈ ಜ್ಯಾಕ್ ಈಲಮ್ ಅಂತ.

1994ರಲ್ಲಿ ಅವನ ಹೆಸರು ಒಕ್ಲಹೋಮ ನಗರದ ಕೌಬಾಯ್ ವಸ್ತುಸಂಗ್ರಹಾಲಯದ ವೆಸ್ಟರ್ನ್ ನಟರ ಗೌರವ ಪಟ್ಟಿ ಸೇರಿತು. 2003ರ ಅಕ್ಟೋಬರ್ 20ರಂದು ಓರೆಗಾನ್ ರಾಜ್ಯದ ಆಶ್‌ಲ್ಯಾಂಡ್‌ನಲ್ಲಿ ತೀರಿಕೊಂಡ.

ತಂದೆಯವರಿಗೆ ‘ಗನ್‌ಸ್ಮೋಕ್’ನಲ್ಲಿ ಎರಡು ಕಂತು ಹುಡುಕಿಕೊಡಿ. ಮೊದಲನೆಯದು 1965ರ ‘ಮಲಕೈ’, ಕಪ್ಪುಬಿಳುಪು. ಊರಿಗೆ ಬರುವ ಅಣ್ಣನ ಎದುರು ದೊಡ್ಡವನಾಗಿ ಕಾಣಬೇಕು ಅಂತ ಒಬ್ಬ ದರಿದ್ರ ಮನುಷ್ಯ ತಾನೇ ಡಾಡ್ಜ್ ಊರಿನ ಮಾರ್ಷಲ್ ಅಂತ ನಾಟಕ ಆಡುವ ಕಥೆ. ಸುಳ್ಳು ಹೇಳುವಾಗ ಈಲಮ್ ಮುಖದಲ್ಲಿ ಕಾಣುವ ನಾಚಿಕೆಯನ್ನು ಗಮನಿಸಿ. ಎರಡನೆಯದು 1971ರ ಕ್ರಿಸ್‌ಮಸ್ ಕಂತು, ಹೆಸರು ‘ಪಿ.ಎಸ್. ಮರ್ರಿ ಕ್ರಿಸ್‌ಮಸ್’. ಅನಾಥಾಲಯದಿಂದ ಓಡಿಹೋಗುವ ಮಕ್ಕಳ ಬೆನ್ನಿಗೆ ನಿಲ್ಲುವ ಅಲೆಮಾರಿ ಟೈಟಸ್ ಆಗಿದ್ದಾನೆ. ಆ ಮಕ್ಕಳ ಗುಂಪಿನಲ್ಲಿ ಪುಟ್ಟ ಜೋಡಿ ಫಾಸ್ಟರ್ ಕೂಡ ಇದ್ದಾಳೆ. ಅದರಲ್ಲಿ ಈಲಮ್ ಯಾರನ್ನೂ ಕೊಲ್ಲುವುದಿಲ್ಲ. ಅವನೂ ಸಾಯುವುದಿಲ್ಲ.